ಕಬ್ಬಿನ ಹಾದಿಯಲ್ಲಿ ಹಲ್ಲಿನ ಗಾಲಿಗಳು

ಮೀರಜ–ಬೆಳಗಾವಿ ರೈಲು ಮಾರ್ಗದಲ್ಲಿ ಶೇಡಬಾಳದಿಂದ ಕುಡಚಿಯತ್ತ ಹೊರಟರೆ ನಡುವೆ ಸಿಗುವುದು ಉಗಾರ ಖುರ್ದ. ಮೊದಲು ಅಥಣಿ ತಾಲ್ಲೂಕಿನಲ್ಲಿದ್ದ ಊರು, ಈಗ ಕಾಗವಾಡಕ್ಕೆ ಸೇರಿದೆ. 1939ರಲ್ಲಿ ಹುಟ್ಟಿದ ಉಗಾರ ಶುಗರ್ ವರ್ಕ್ಸ್ ಇಲ್ಲಿಯದು. ಆಮೇಲೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳಲ್ಲೂ ಸಕ್ಕರೆ ಕಾರ್ಖಾನೆಗಳು ಎದ್ದವು. ಹಂಗಾಮಿನಲ್ಲಿ ಇವುಗಳಲ್ಲಿ ಯಾವುದರ ಗೇಟಿಗೆ ಬಂದರೂ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಕಾಣುತ್ತದೆ. ಆ ಸಾಲು ಮುಂದೆ ಸರಿಯಬೇಕಾದರೆ ಒಳಗೆ ಕೇನ್ ಕ್ಯಾರಿಯರ್ ಓಡುತ್ತಿರಬೇಕು.

ಕ್ರೇನು ಇಳಿಸಿದ ಕಬ್ಬನ್ನು ಚಾಕುಗಳತ್ತ, ಅಲ್ಲಿಂದ ಗಾಣದತ್ತ ಹೊತ್ತೊಯ್ಯುವ ಉಕ್ಕಿನ ಪಟ್ಟಿಗಳ ಸಾಲು ಇದು. ಪಟ್ಟಿಗಳ ಅಡಿಯಲ್ಲಿ ದಪ್ಪ ಚೈನುಗಳು. ಮೇಲ್ತುದಿಯ ಹೆಡ್ ಶಾಫ್ಟಿನಲ್ಲಿ ಅವನ್ನು ಎಳೆಯುವ ಹಲ್ಲಿನ ಗಾಲಿಗಳು, ಅಂದರೆ ಸ್ಪ್ರಾಕೆಟ್‌ಗಳು. ಕೆಳತುದಿಯ ಗಾಲಿಗಳು ಎಳೆಯುವುದಿಲ್ಲ, ಚೈನನ್ನು ಹಿಂದಕ್ಕೆ ತಿರುಗಿಸಿ ಕಳಿಸುತ್ತವೆ. ಸಡಿಲಾದ ಚೈನನ್ನು ಬಿಗಿ ಮಾಡುವುದೂ ಅಲ್ಲಿಯೇ.

ಮೋಟಾರು ಈ ಶಾಫ್ಟನ್ನು ಚೈನಿನ ಮೂಲಕ ತಿರುಗಿಸುವಲ್ಲಿ ಲೆಕ್ಕ ಸರಳ. ಮೋಟಾರಿನ ಕಡೆ 17 ಹಲ್ಲು, ಶಾಫ್ಟಿನ ಕಡೆ 51 ಹಲ್ಲು ಇದ್ದರೆ ವೇಗ ಮೂರನೇ ಒಂದು ಭಾಗಕ್ಕಿಳಿಯುತ್ತದೆ, ತಿರುಗಿಸುವ ಬಲ ಸುಮಾರು ಮೂರು ಪಟ್ಟಾಗುತ್ತದೆ. ಟನ್ನುಗಟ್ಟಲೆ ಕಬ್ಬಿಗೆ ಬೇಕಾದದ್ದು ಈ ನಿಧಾನ, ಈ ಬಲ. ಹಾಗೆಂದು ಚಿಕ್ಕ ಗಾಲಿಯ ಹಲ್ಲು ತೀರಾ ಕಡಿಮೆ ಮಾಡುವಂತಿಲ್ಲ. ಚೈನು ಗಾಲಿಯನ್ನು ವೃತ್ತವಾಗಿ ಸುತ್ತುವುದಿಲ್ಲ, ಬಹುಭುಜವಾಗಿ ಸುತ್ತುತ್ತದೆ. 10 ಹಲ್ಲಿನ ಗಾಲಿಯಲ್ಲಿ ಚೈನಿನ ವೇಗ ಪ್ರತಿ ಹಲ್ಲಿಗೂ ಸುಮಾರು ಶೇ 5ರಷ್ಟು ಏರಿಳಿಯುತ್ತದೆ. 17ರಲ್ಲಿ ಶೇ 2ಕ್ಕಿಂತ ಕಡಿಮೆ. ಆ ಜಗ್ಗಾಟವೇ ಚೈನಿನ ಕೊಂಡಿಗಳನ್ನು ಜೋಡಿಸುವ ಪಿನ್ನುಗಳನ್ನು ತಿನ್ನುವುದು. ಹಲ್ಲಿನ ಸಂಖ್ಯೆ ಬೆಸ, ಕೊಂಡಿಗಳ ಸಂಖ್ಯೆ ಸಮ ಇರಲಿ ಎನ್ನುವುದರಲ್ಲೂ ಅರ್ಥವಿದೆ: 17 ಹಲ್ಲು, 100 ಕೊಂಡಿ ಇದ್ದರೆ ಅದೇ ಹಲ್ಲಿಗೆ ಅದೇ ಕೊಂಡಿ ಮತ್ತೆ ಸಿಗಲು ಚೈನು 17 ಸುತ್ತು ಹಾಕಬೇಕು. ಸವೆತ ಎಲ್ಲ ಹಲ್ಲುಗಳಿಗೂ ಹಂಚಿಹೋಗುತ್ತದೆ.

ಈಗ ಗಾಲಿಯ ಹತ್ತಿರ ಬಂದು ಹಲ್ಲಿನ ಆಕಾರ ನೋಡಿ. ಹೊಸ ಹಲ್ಲು ಎರಡೂ ಬದಿಗೆ ಒಂದೇ ತೆರನಾಗಿರುತ್ತದೆ. ಸವೆದದ್ದು ಕೊಕ್ಕೆಯಂತೆ ಒಂದೇ ಕಡೆ ಬಾಗಿರುತ್ತದೆ. ಕಬ್ಬಿನ ಹುಳಿರಸ ಲೋಹವನ್ನು ತಿನ್ನುತ್ತದೆ, ಮಣ್ಣು ಉಜ್ಜುತ್ತದೆ. ಪಿನ್ನು ಮತ್ತು ಅದನ್ನು ಸುತ್ತಿದ ಬುಷ್ ಸವೆದಷ್ಟೂ ಚೈನು ಉದ್ದವಾಗಿ ಹಲ್ಲಿನ ತುದಿಗೆ ಏರುತ್ತದೆ, ಕೊನೆಗೆ ಹಲ್ಲು ತಪ್ಪಿ ಜಿಗಿಯುತ್ತದೆ. 150 ಮಿ.ಮೀ. ಅಂತರದ 10 ಕೊಂಡಿ 1500 ಮಿ.ಮೀ. ಇರಬೇಕು, 1545 ಆದರೆ ಶೇ 3ರಷ್ಟು ಹಿಗ್ಗಿದೆ, ಆ ಚೈನಿನ ಕಾಲ ಮುಗಿಯಿತು.

ಕ್ಯಾರಿಯರ್ ನಿಂತರೆ ಗಾಣ ನಿಂತಿತು. ಹೊರಗೆ ಕಡಿದ ಕಬ್ಬು ಬಿಸಿಲಲ್ಲಿ ಒಣಗಿ ತೂಕ ಕಳೆದುಕೊಳ್ಳುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ನಷ್ಟ ರೈತನದು. ಆದ್ದರಿಂದ ಹಂಗಾಮು ಮುಗಿದ ಮೇಲಿನ ದುರಸ್ತಿಯ ತಿಂಗಳುಗಳಲ್ಲಿ ಟೇಪು ಹಿಡಿದು ಚೈನು ಅಳೆಯುವ ಫಿಟರನ ಮಾತಿಗೆ ಆಡಳಿತ ಮಂಡಳಿಗಳು ಬೆಲೆ ಕೊಡಲಿ. ಖರ್ಚು ಉಳಿಸಲು ಸವೆದ ಸ್ಪ್ರಾಕೆಟ್‌ಗೆ ಹೊಸ ಚೈನು ಹಾಕಬೇಡಿ. ಬದಲಿಸುವುದಾದರೆ ಎರಡನ್ನೂ ಒಟ್ಟಿಗೆ ಬದಲಿಸಿ.