ಹೃದಯದ ಫುಟ್‌ವಾಲ್ವ್

ಪಂಪಿನ ಫುಟ್‌ವಾಲ್ವ್ ಸೋರಿದರೆ ಏನಾಗುತ್ತದೆಂದು ತೋಟವಿರುವ ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಪೈಪಿನ ನೀರೆಲ್ಲ ಬಾವಿಗಿಳಿದು, ಬೆಳಗ್ಗೆ ಕೊಡ ಹಿಡಿದು ಪುನಃ ತುಂಬಿಸುವ ಕೆಲಸ. ನಮ್ಮ ಹೃದಯದಲ್ಲಿಯೂ ಅಂತಹ ನಾಲ್ಕು ಕವಾಟಗಳಿವೆ. ಎಡಭಾಗದ ಎರಡು ಕೋಣೆಗಳ ನಡುವಿನದಕ್ಕೆ ಮೈಟ್ರಲ್ ಕವಾಟವೆಂದು ಹೆಸರು. ಅದರ ಎರಡು ಎಸಳುಗಳು ಬಿಷಪರು ಧರಿಸುವ ಮೈಟರನ್ನು ಹೋಲುವುದರಿಂದ ಆ ಹೆಸರು ಬಂತು. ದಿನಕ್ಕೆ ಸುಮಾರು 1 ಲಕ್ಷ ಸಲ ಅದು ತೆರೆದು ಮುಚ್ಚುತ್ತದೆ.

ಈ ಎಸಳುಗಳು ಬಹಳ ಮೃದು. ರಕ್ತ ಎಸಳನ್ನು ತಳ್ಳುತ್ತದೆ, ಎಸಳು ರಕ್ತದ ದಾರಿಯನ್ನು ತಿರುಗಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದರ ಲೆಕ್ಕ ಮಾಡುವಂತಿಲ್ಲ. 1972ರಲ್ಲಿ ಅಮೆರಿಕದ ಚಾರ್ಲ್ಸ್ ಪೆಸ್ಕಿನ್ ಎಂಬವರು ಇದಕ್ಕೊಂದು ಉಪಾಯ ಕಂಡುಹಿಡಿದರು. ಗದ್ದೆಗೆ ಹುಣಿ ಹಾಕಿದಂತೆ ರಕ್ತವಿರುವ ಜಾಗವನ್ನು ಕಂಪ್ಯೂಟರಿನಲ್ಲಿ ಚೌಕಗಳಾಗಿ ವಿಂಗಡಿಸಿದರು. ಎಸಳನ್ನು ಜಪಸರದ ಮಣಿಗಳಂತೆ ಬಿಂದುಗಳ ಸಾಲಾಗಿ ಮಾಡಿ, ಮಣಿಮಣಿಯ ನಡುವೆ ಸ್ಪ್ರಿಂಗ್ ಇದೆಯೆಂದು ಎಣಿಸಿದರು. ಸರ ಹಿಗ್ಗಿದಾಗ ಉಂಟಾಗುವ ಸೆಳೆತವನ್ನು ಹತ್ತಿರದ ಚೌಕಗಳಿಗೆ ಹಂಚುವುದು. ಅಲ್ಲಿ ರಕ್ತದ ವೇಗ ಎಷ್ಟೆಂದು ಲೆಕ್ಕ ಹಾಕುವುದು. ಅದೇ ವೇಗದಲ್ಲಿ ಮಣಿಗಳನ್ನು ಸರಿಸುವುದು. ಕ್ಷಣದ ಸಣ್ಣ ಅಂಶಕ್ಕೊಮ್ಮೆ ಹೀಗೆಯೇ ಪುನಃ ಪುನಃ. ಎಸಳು ಎಷ್ಟು ಬಾಗಿದರೂ ಹುಣಿ ಕಿತ್ತು ಬೇರೆ ಹಾಕಬೇಕಾಗಿಲ್ಲ. ಜಾಣತನವಿರುವುದು ಅಲ್ಲಿಯೇ!

ಮುಂದೆ ಅವರು ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಮೆಕ್ವೀನ್ ಅವರೊಡನೆ ಇಡೀ ಹೃದಯವನ್ನೇ ಹೀಗೆ ಕಂಪ್ಯೂಟರಿನಲ್ಲಿ ಬಡಿಯುವಂತೆ ಮಾಡಿದರು. ಕೃತಕ ಕವಾಟದ ಹಿಂದೆ ರಕ್ತ ಎಲ್ಲಿ ನಿಂತು ಹೆಪ್ಪುಗಟ್ಟೀತು ಎಂಬುದನ್ನು ರೋಗಿಯ ಎದೆ ತೆರೆಯುವ ಮೊದಲೇ ಪರೀಕ್ಷಿಸಲು ಇಂತಹ ಲೆಕ್ಕ ಸಹಾಯಕ. ಆದರೆ ಎಸಳಿನ ಬಿಗಿತವನ್ನು ತಪ್ಪಾಗಿ ಕೊಟ್ಟರೆ ಉತ್ತರವೂ ತಪ್ಪೇ. ಕಂಪ್ಯೂಟರಿಗೆ ಅದು ತಿಳಿಯದು.

ನಮ್ಮ ಕಡೆ ಮೈಟ್ರಲ್ ಕವಾಟ ಕೆಡುವುದಕ್ಕೆ ಒಂದು ಮುಖ್ಯ ಕಾರಣ ಮಕ್ಕಳ ಸಂಧಿವಾತ ಜ್ವರ. 5ರಿಂದ 15 ವರ್ಷದವರಿಗೆ ಹೆಚ್ಚು. ಒಂದು ಜಾತಿಯ ರೋಗಾಣುವಿನಿಂದ ಗಂಟಲು ನೋವು ಬರುತ್ತದೆ, ತಾನೇ ಗುಣವಾದಂತೆ ಕಾಣುತ್ತದೆ. ಎರಡು ಮೂರು ವಾರ ಕಳೆದು ಜ್ವರ, ಇಂದು ಮೊಣಕಾಲು, ನಾಳೆ ಮೊಣಕೈ ಎಂದು ಊತ. ಎಣ್ಣೆ ತಿಕ್ಕಿ ಸುಮ್ಮನಿರುವ ಮನೆಗಳನ್ನು ನಾವು ಕಂಡಿದ್ದೇವೆ. ಗಂಟಿನ ಊತ ಇಳಿಯುತ್ತದೆ, ಎಸಳಿನ ಗಾಯ ಉಳಿಯುತ್ತದೆ. ಕ್ರಮೇಣ ಎಸಳು ಗಡುಸಾಗಿ ಅಂಟಿಕೊಳ್ಳುತ್ತದೆ ಅಥವಾ ಸೋರುತ್ತದೆ.

ಗಂಟಲು ನೋವಿನೊಡನೆ ಜ್ವರವಿದ್ದರೆ ಮಗುವನ್ನು ಡಾಕ್ಟರಿಗೆ ತೋರಿಸಿರಿ. ಸಂಧಿವಾತ ಜ್ವರವೆಂದು ಗೊತ್ತಾದ ಮಕ್ಕಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನನ್ನು ವರ್ಷಗಟ್ಟಲೆ ಕೊಡಿಸಬೇಕಾಗುತ್ತದೆ. ಮಗು ಓಡಾಡಿ ಆಡುತ್ತಿದೆ, ಇನ್ನು ಸಾಕು ಎಂದು ನೀವಾಗಿ ನಿಲ್ಲಿಸಬೇಡಿರಿ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿಯೂ ಆ ದಿನವನ್ನು ತಪ್ಪಿಸಬೇಡಿರಿ.