ಜನವರಿ ಅರ್ಧ ಕಳೀತು, ಈಗ ಚಳಿಗಾಲದ ತರಕಾರಿ ಹಾಕಬಹುದಾ?

ಈ ವಾರ ಮೆಸೇಜಲ್ಲಿ ಬಂದ ಪ್ರಶ್ನೆ: "ಬೆಂಗಳೂರಲ್ಲಿ ಬಾಡಿಗೆ ಮನೆ, ಟೆರೇಸ್ ಮೇಲೆ ಮೊದಲ ಸಲ ಕುಂಡ ಇಟ್ಟಿದ್ದೀನಿ. ಹೂಕೋಸು, ಬಟಾಣಿ, ಮೂಲಂಗಿ ಬೀಜ ತಂದಿದ್ದೀನಿ. ಲೇಟಾಯ್ತಾ?"

ಲೇಟಾಯ್ತು. ಆದ್ರೆ ಎಲ್ಲದಕ್ಕೂ ಅಲ್ಲ.

ನಾನು ಬಿ.ಕಾಂ ಓದಿದವನು, ಹಾಗಾಗಿ ಇದನ್ನ ಎಫ್‌ಡಿ ಥರ ನೋಡ್ತೀನಿ. ಯಾವಾಗ ಹಾಕಿದ್ರಿ ಅನ್ನೋದಕ್ಕಿಂತ ಯಾವಾಗ ಮೆಚ್ಯೂರ್ ಆಗುತ್ತೆ ಅನ್ನೋದು ಮುಖ್ಯ. ಬೆಂಗಳೂರಲ್ಲಿ ಮಾರ್ಚ್ ಮಧ್ಯದ ಹೊತ್ತಿಗೆ ಬಿಸಿಲು ಜೋರಾಗುತ್ತೆ, ಏಪ್ರಿಲ್‌ನಲ್ಲಿ ಮಧ್ಯಾಹ್ನ 34 ಡಿಗ್ರಿ ಆಸುಪಾಸು. ಅಂದ್ರೆ ನಿಮ್ಮ ಕೈಯಲ್ಲಿರೋದು ಸುಮಾರು 60 ದಿನ. ಕಲಬುರಗಿ, ರಾಯಚೂರು ಕಡೆಯವರಿಗೆ ಇನ್ನೂ ಕಮ್ಮಿ.

ಈಗ ಲೆಕ್ಕ ಹಾಕಿ. ಮೆಂತ್ಯ ಸೊಪ್ಪು 25-30 ದಿನ, ಮೂಲಂಗಿ 40-45 ದಿನ. ಎರಡೂ ಪಾಸ್. ಮೂಲಂಗಿಯಲ್ಲಿ ಪೂಸಾ ಚೇತ್ಕಿ ಸಿಕ್ಕರೆ ಬಿಡಬೇಡಿ, ಅದು ಬಿಸಿಲು ತಡೆಯೋ ತಳಿ. ಹೂಕೋಸು? ಸಸಿ ಆಗೋಕೇ 25-30 ದಿನ, ನಾಟಿ ಮಾಡಿದ ಮೇಲೆ ಇನ್ನೂ ಎರಡೂವರೆ-ಮೂರು ತಿಂಗಳು. ಏಪ್ರಿಲ್ ಕೊನೆ! ಅಷ್ಟರಲ್ಲಿ ಹೂವು ಬಿಗಿಯಾಗಿ ಕೂರದೆ ಹಳದಿಯಾಗಿ ಬಿಚ್ಚಿಕೊಳ್ಳುತ್ತೆ. ಬಟಾಣಿಗೆ ಸೆಕೆ ಬಡಿದ್ರೆ ಹೂ ಉದುರುತ್ತೆ, ಕಾಯಿ ಕಟ್ಟಲ್ಲ.

ಒಂದು ಕಡೆ ಎಲ್ರೂ ಎಡವ್ತಾರೆ. ಕೋಸಿನ ಜಾತಿಯ ಪ್ಯಾಕೆಟ್ ಮೇಲೆ ಬರೆದಿರೋ ದಿನಗಳು ಸಾಮಾನ್ಯವಾಗಿ ನಾಟಿಯಿಂದ, ಬೀಜ ಬಿತ್ತಿದ ದಿನದಿಂದ ಅಲ್ಲ. ಅದಕ್ಕೇ ನವಿಲುಕೋಸು ಬೇಕಂದ್ರೆ ಬೀಜ ಬೇಡ, ನರ್ಸರಿಯಿಂದ ಸಸಿ ತನ್ನಿ. ಒಂದು ತಿಂಗಳು ಉಳೀತು, 50 ದಿನದಲ್ಲಿ ಗೆಡ್ಡೆ ಕೈಗೆ. ಮೂಲಂಗಿಗೆ ಮಾತ್ರ ಈ ಉಪಾಯ ನಡೆಯಲ್ಲ. ಕಿತ್ತು ನೆಟ್ಟರೆ ಬೇರು ಸೊಟ್ಟ. ನೇರ ಕುಂಡಕ್ಕೇ ಬಿತ್ತಿ.

ಕೊತ್ತಂಬರಿ ಕೇಳ್ತೀರ, ಗೊತ್ತು. ಹಾಕಿ, ಆದ್ರೆ ಬೇಗ ಕೊಯ್ಯಿ. ಬಿಸಿಲೇರಿದ್ರೆ, ಹಗಲು ಉದ್ದವಾದ್ರೆ ಗಿಡಕ್ಕೆ ಬೀಜ ಮಾಡೋ ಆತುರ. ಎಲೆ ಸಣ್ಣಗಾಗಿ ದಂಟು ಮೇಲೇಳುತ್ತೆ, ಬಿಳಿ ಹೂ ಬಂದ್ರೆ ಮುಗೀತು. ಧನಿಯಾ ಕಾಳನ್ನ ಎರಡು ಹೋಳು ಮಾಡಿ ಬಿತ್ತಿ, 8-10 ದಿನದಲ್ಲಿ ಮೊಳಕೆ ಬರುತ್ತೆ.

ಇನ್ನು ಟೆರೇಸ್. ಸಿಮೆಂಟ್ ನೆಲ ಕಾದ್ರೆ ಕುಂಡದ ಬೇರೂ ಕಾಯುತ್ತೆ. ಅಡಿಗೆ ಎರಡು ಇಟ್ಟಿಗೆ ಇಡಿ, ಮಣ್ಣಿನ ಮೇಲೆ ಒಣ ಎಲೆ ಹರಡಿ, ಫೆಬ್ರವರಿ ಕೊನೆಯಿಂದ ಮಧ್ಯಾಹ್ನದ ಬಿಸಿಲಿಗೆ ಹಸಿರು ನೆರಳು ಪರದೆ ಕಟ್ಟಿ. ಪರದೆ ದುಬಾರಿ ಅನಿಸಿದ್ರೆ ಹಳೇ ಕಾಟನ್ ಸೀರೆನೂ ನಡೆಯುತ್ತೆ, ಅಮ್ಮನ್ನ ಕೇಳಿ ತಗೊಳ್ಳಿ ಮಾತ್ರ.

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಮೊದಲ ಬೆಳೆನೇ ಕೈಕೊಟ್ರೆ ಕುಂಡಗಳು ಖಾಲಿ ಬಿದ್ದಿರುತ್ತೆ. ಅಂಥ ಟೆರೇಸ್ ಎಷ್ಟೋ ನೋಡಿದ್ದೀನಿ. ಮೊದಲು ಮೆಂತ್ಯ ಹಾಕಿ, ಫೆಬ್ರವರಿಯಲ್ಲೇ ಸಾರಿಗೆ ಬರ್ಲಿ. ಮಾರ್ಚ್‌ನಲ್ಲಿ ಅದೇ ಕುಂಡಕ್ಕೆ ಹರಿವೆ, ಬೆಂಡೆ. ಹೂಕೋಸಿನ ಬೀಜ ಎಸೀಬೇಡಿ, ಗಾಳಿಯಾಡದ ಡಬ್ಬಿಯಲ್ಲಿ ಒಣಗಿದ ಜಾಗದಲ್ಲಿಡಿ. ಸೆಪ್ಟೆಂಬರ್‌ನಲ್ಲಿ ಸಸಿ ಮಾಡೋಣ.