ಪಿಕಪ್ಪಿನ ಲೆಕ್ಕ

ಲಕ್ಷ್ಮೀಪುರಂನ ನಮ್ಮ ಬೀದಿಗೆ ಬೆಳಿಗ್ಗೆ ಮೊದಲು ಬರುವುದು ಹಾಲಿನ ವ್ಯಾನು. ಅದು ಹೋದ ಸ್ವಲ್ಪ ಹೊತ್ತಿಗೆ ಎದುರುಮನೆ ರಾಯರ ಜರ್ಮನ್ ಕಾರು ಏಳುತ್ತದೆ. ಎರಡಕ್ಕೂ ಡೀಸೆಲ್ಲೇ. ವ್ಯಾನು ಟಕಟಕ ಎನ್ನುತ್ತ ಬೀದಿಯನ್ನೆಲ್ಲ ಎಬ್ಬಿಸುತ್ತದೆ. ಕಾರು ಎರಡು ನಿಮಿಷ ಗಂಟಲು ಸರಿಮಾಡಿಕೊಂಡಂತೆ ಗೊರಗುಟ್ಟಿ, ಬಿಸಿಯಾದ ಮೇಲೆ ತೆಪ್ಪಗಾಗುತ್ತದೆ. "ಅಷ್ಟೊಂದು ದುಡ್ಡು ಸುರಿದು ಡೀಸೆಲ್ ಯಾಕೆ ತಗೊಂಡ್ರಿ ಸಾರ್?" ಅಂತ ಒಮ್ಮೆ ಕೇಳಿದೆ. "ಒಂದ್ಸಲ ಬೆಟ್ಟಕ್ಕೆ ಬನ್ನಿ, ಹೇಳ್ತೀನಿ" ಅಂದರು.

ಹೋದೆ. ಚಾಮುಂಡಿ ಬೆಟ್ಟದ ಏರಿನಲ್ಲಿ ಬಸ್ಸೊಂದರ ಹಿಂದೆ ಸಿಕ್ಕಿಕೊಂಡು ಆಮೆಯಂತೆ ಹೋಗುತ್ತಿದ್ದೆವು. ದಾರಿ ಬಿಡುವಾದಾಗ ರಾಯರು ಆಕ್ಸಿಲರೇಟರನ್ನು ತುಸು ಒತ್ತಿದರು. ಎಂಜಿನ್ ಅರಚಲಿಲ್ಲ, ಆರ್‌ಪಿಎಂ ಮುಳ್ಳು 2000ದ ಆಸುಪಾಸಿನಲ್ಲೇ ಇತ್ತು. ನನ್ನ ಬೆನ್ನು ಮಾತ್ರ ಸೀಟಿಗೆ ಅಂಟಿಕೊಂಡಿತು.

ಗ್ಯಾರೇಜಿನವರು ಇದಕ್ಕೆ ಪಿಕಪ್ ಅನ್ನುತ್ತಾರೆ, ಲಾರಿಯವರು ಪುಲ್ಲಿಂಗ್ ಅನ್ನುತ್ತಾರೆ. ಇದರ ಬೇರು ಇರುವುದು ಟಾರ್ಕ್‌ನಲ್ಲಿ, ಅಂದರೆ ತಿರುಚುವ ಬಲದಲ್ಲಿ. ಒಂದು ಮೀಟರ್ ಉದ್ದದ ಸ್ಪ್ಯಾನರನ್ನು ನಟ್ಟಿಗೆ ಹಾಕಿ, ಇನ್ನೊಂದು ತುದಿಗೆ ಹತ್ತು ಕಿಲೋ ತೂಕ ನೇತುಹಾಕಿ. ನಟ್ಟಿನ ಮೇಲೆ ಬೀಳುವ ತಿರುಚುಬಲ ಸುಮಾರು 100 ನ್ಯೂಟನ್ ಮೀಟರ್. 2003ರ ಬಿಎಂಡಬ್ಲ್ಯು 5 ಸೀರೀಸ್ ಕಾರನ್ನೇ ನೋಡಿ. ಮೂರು ಲೀಟರಿನ, ಆರು ಸಿಲಿಂಡರಿನ ಎಂಜಿನ್ ಪೆಟ್ರೋಲಿನಲ್ಲೂ ಇತ್ತು, ಡೀಸೆಲ್ಲಿನಲ್ಲೂ ಇತ್ತು. ಪೆಟ್ರೋಲಿನ 530ಐ: 231 ಅಶ್ವಶಕ್ತಿ, 3500 ಆರ್‌ಪಿಎಂನಲ್ಲಿ 300 ನ್ಯೂಟನ್ ಮೀಟರ್. ಡೀಸೆಲ್ಲಿನ 530ಡಿ: 218 ಅಶ್ವಶಕ್ತಿ, 2000 ಆರ್‌ಪಿಎಂನಲ್ಲಿ 500 ನ್ಯೂಟನ್ ಮೀಟರ್. ಸ್ಪ್ಯಾನರಿನ ಭಾಷೆಯಲ್ಲಿ ಹೇಳುವುದಾದರೆ ಅರ್ಧ ಕ್ವಿಂಟಾಲ್ ಅಕ್ಕಿಮೂಟೆ.

ಕಾಗದದ ಮೇಲೆ ಅಶ್ವಶಕ್ತಿಯಲ್ಲಿ ಪೆಟ್ರೋಲೇ ಮುಂದೆ. ಆದರೆ ಆ 231ನ್ನು ಕಾಣಲು ಎಂಜಿನ್ನನ್ನು ಕಿರುಚುವಷ್ಟು ಓಡಿಸಬೇಕು. ಶಕ್ತಿ ಎಂದರೆ ಟಾರ್ಕ್ ಮತ್ತು ಸುತ್ತುವ ವೇಗದ ಗುಣಲಬ್ಧ. ಲೆಕ್ಕ ಹಾಕಿದರೆ 2000 ಆರ್‌ಪಿಎಂನಲ್ಲಿ ಡೀಸೆಲ್ ಎಂಜಿನ್ ಕೊಡುವುದು 142 ಅಶ್ವಶಕ್ತಿ. ಪೆಟ್ರೋಲಿನದು ಅದೇ ವೇಗದಲ್ಲಿ 85ನ್ನೂ ಮುಟ್ಟುವುದಿಲ್ಲ. ದಿನನಿತ್ಯ ನಾವು ಓಡಿಸುವುದು ಈ 2000ದ ಸುತ್ತಮುತ್ತಲೇ. ಜಂಬದ ಡೀಸೆಲ್ ಕಾರಿನ ಸುಖವೆಲ್ಲ ಇರುವುದು ಇಲ್ಲಿ: ಗದ್ದಲವಿಲ್ಲದ ಎಳೆತ. ರೇಸಿನ ಟ್ರ್ಯಾಕಿಗೆ ಇಳಿದರೆ, ಗೇರುಗಳ ಸಹಾಯದಿಂದ ಪೆಟ್ರೋಲ್ ಕಾರು ಈ ಕೊರತೆಯನ್ನು ತುಂಬಿಕೊಳ್ಳುತ್ತದೆ ಅನ್ನುವುದನ್ನು ರಾಯರ ಮುಂದೆ ನಾನು ಹೇಳಲಿಲ್ಲ. ಹೇಳಿದ್ದರೆ 2006ರಲ್ಲಿ ಲೆ ಮಾನ್‌ನ 24 ಗಂಟೆಗಳ ರೇಸನ್ನು ಆಡಿಯ ಡೀಸೆಲ್ ಕಾರು ಗೆದ್ದದ್ದನ್ನು ಅವರು ಎತ್ತುತ್ತಿದ್ದರು!

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದು ಗೊತ್ತಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ಗುಟ್ಟು ಅದೇ. ಗಾಳಿಯನ್ನು ಹದಿನಾರು, ಹದಿನೇಳು ಪಟ್ಟು ಅದುಮಿದರೆ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರೊಳಕ್ಕೆ ಡೀಸೆಲ್ ಚಿಮ್ಮಿಸಿದರೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನವೂ ಗಾಳಿಯೂ ಬೆರೆತೇ ಇರುವುದರಿಂದ ಅತಿಯಾಗಿ ಅದುಮಿದರೆ ಅಕಾಲದಲ್ಲಿ ಸ್ಫೋಟಿಸುತ್ತದೆ. ಡೀಸೆಲ್ಲಿನಲ್ಲಿ ಅದುಮುವುದು ಬರೀ ಗಾಳಿಯನ್ನು, ಆ ಭಯವಿಲ್ಲ. ಹಾಗಾಗಿ ಟರ್ಬೊ ಕೂರಿಸಿ ಇನ್ನಷ್ಟು ಗಾಳಿ ತುರುಕಬಹುದು. ಹೆಚ್ಚು ಗಾಳಿ, ಹೆಚ್ಚು ಇಂಧನ, ಹೆಚ್ಚು ಎಳೆತ.

ಹಾಗಾದರೆ ಟಕಟಕ? ಚಿಮ್ಮಿದ ಡೀಸೆಲ್ ಆ ಕ್ಷಣವೇ ಹೊತ್ತುವುದಿಲ್ಲ, ಕಣ್ಣೆವೆ ಇಕ್ಕುವ ಹೊತ್ತಿನ ಒಂದು ಚೂರಿನಷ್ಟು ತಡವಾಗುತ್ತದೆ. ಅಷ್ಟರಲ್ಲಿ ಸೇರಿದ್ದೆಲ್ಲ ಒಟ್ಟಿಗೇ ಹತ್ತಿ, ಸುತ್ತಿಗೆಯ ಏಟು ಬಿದ್ದಂತಾಗುತ್ತದೆ. ಎಂಜಿನ್ ತಣ್ಣಗಿದ್ದರೆ ತಡ ಇನ್ನೂ ಹೆಚ್ಚು. ಬೆಳಗಿನ ಗೊರಗೊರಕ್ಕೆ ಇದೇ ಕಾರಣ. ಇದನ್ನು ಪಳಗಿಸಿದ್ದು ಕಾಮನ್ ರೈಲ್. ನಮ್ಮ ಲಾರಿಗಳ ಹಳೆಯ ಮೈಕೋ ಪಂಪು ಒಂದೊಂದು ಸಿಲಿಂಡರಿಗೂ ಸರದಿಯಂತೆ ಡೀಸೆಲ್ ದೂಡುತ್ತಿತ್ತು. ಬೆಂಗಳೂರಿನಲ್ಲಿ 1951ರಲ್ಲಿ ಹುಟ್ಟಿ, ಈಗ ಬಾಷ್ ಆಗಿರುವ ಕಂಪನಿಯ ಪಂಪು ಅದು. ಕಾಮನ್ ರೈಲ್‌ನಲ್ಲಿ ಎಲ್ಲ ಸಿಲಿಂಡರುಗಳಿಗೂ ಸೇರಿ ಒಂದೇ ಕೊಳವೆ. 1997ರಲ್ಲಿ ಕಾರುಗಳಿಗೆ ಬಂದಾಗ ಅದರೊಳಗಿನ ಒತ್ತಡ 1350 ಬಾರ್, ಈಗ 2000ವನ್ನೂ ದಾಟಿದೆ. ಸಾಗರದ ಅತ್ಯಂತ ಆಳದ ಕಂದಕದಲ್ಲೂ ಒತ್ತಡ 1100 ಬಾರ್‌ನಷ್ಟೇ. ಕಂಪ್ಯೂಟರ್ ಹೇಳಿದಂತೆ ಮೊದಲು ಒಂದು ಹನಿ ಚಿಮ್ಮಿಸಿ, ಒಳಗೆ ಬಿಸಿ ಏರಿಸಿ, ಆಮೇಲೆ ಉಳಿದದ್ದನ್ನು ಬಿಡುತ್ತದೆ. ಒಗ್ಗರಣೆಗೆ ಎಣ್ಣೆ ಕಾದಿದೆಯೇ ಅಂತ ಒಂದೇ ಸಾಸಿವೆ ಹಾಕಿ ನೋಡುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ.

ಇಷ್ಟೆಲ್ಲ ಆದರೂ ಹೊಗೆಯ ಕರ್ಮ ಬಿಡಲಿಲ್ಲ. ಅತಿಬಿಸಿಯಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ಶ್ವಾಸಕೋಶಕ್ಕೆ ಕೆಟ್ಟದಾದ ಆಕ್ಸೈಡುಗಳಾಗುತ್ತವೆ. ಸರಿಯಾಗಿ ಉರಿಯದ ಹನಿಗಳು ಮಸಿಯಾಗುತ್ತವೆ. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ದೆಹಲಿ ಸುತ್ತಮುತ್ತ 2000 ಸಿಸಿ ಮತ್ತು ಅದಕ್ಕೆ ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿಯನ್ನೇ ಎಂಟು ತಿಂಗಳು ತಡೆದಿತ್ತು. ಬಿಎಂಡಬ್ಲ್ಯು 320ಡಿಯ ಎಂಜಿನ್ 1995 ಸಿಸಿ. ಐದೇ ಸಿಸಿಯಲ್ಲಿ ಪಾರು! 2020ರ ಏಪ್ರಿಲ್‌ನಲ್ಲಿ ಹೊಗೆಗೆ ಕಡಿವಾಣ ಹಾಕುವ ಬಿಎಸ್-6 ನಿಯಮ ಬಂತು. ಆಕ್ಸೈಡುಗಳನ್ನು ತೊಡೆಯಲು ಅನೇಕ ಕಾರುಗಳಲ್ಲಿ ಯೂರಿಯ ದ್ರಾವಣದ ಟ್ಯಾಂಕು ಬಂದು ಕೂತಿದೆ. ಮಂಡ್ಯದ ಗದ್ದೆಗೆ ಎರಚುವ ಯೂರಿಯವೇ, ಶುದ್ಧರೂಪದಲ್ಲಿ. ಮಸಿ ಹಿಡಿಯಲು ಸೈಲೆನ್ಸರಿನ ದಾರಿಯಲ್ಲಿ ಜರಡಿಯಂಥ ಡಿಪಿಎಫ್. ಅದು ತುಂಬಿಕೊಂಡಾಗ 600 ಡಿಗ್ರಿಯಷ್ಟು ಕಾದು ಮಸಿಯನ್ನು ಸುಟ್ಟುಕೊಳ್ಳಬೇಕು.

ರಾಯರ ಕಷ್ಟ ಶುರುವಾದದ್ದು ಇಲ್ಲೇ. ಅವರ ಓಡಾಟವೆಲ್ಲ ಮನೆಯಿಂದ ದೇವರಾಜ ಮಾರುಕಟ್ಟೆ, ಬಲ್ಲಾಳ್ ವೃತ್ತ, ವಾಪಸು ಮನೆ. ಆ ದೂರಕ್ಕೆ ಜರಡಿ ಬೆಚ್ಚಗೂ ಆಗುವುದಿಲ್ಲ. ಹೋದ ತಿಂಗಳು ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಮೆಕ್ಯಾನಿಕ್ ಬಾನೆಟ್ಟನ್ನೂ ಎತ್ತಲಿಲ್ಲ. "ಕಾರಿಗೇನೂ ಆಗಿಲ್ಲ ಸಾರ್. ನಂಜನಗೂಡಿಗೆ ಒಂದು ಸುತ್ತು ಹೋಗ್ಬನ್ನಿ, ಎಲ್ಲೂ ನಿಲ್ಲಿಸ್ಬೇಡಿ" ಅಂದ.

ಹೊರಟೆವು. ಹೋಗುವಾಗ ದೀಪ ಆರಲಿಲ್ಲ. ನಂಜುಂಡೇಶ್ವರನಿಗೆ ಕಾರಿನಿಂದಲೇ ಕೈ ಮುಗಿದು ತಿರುಗಿಸಿದೆವು. ಬರುವಾಗ ಕಡಕೊಳದ ಹತ್ತಿರ ಆರಿತು.

ಮಾರನೆಯ ಬೆಳಿಗ್ಗೆ ಚೀಲ ಹಿಡಿದು ತರಕಾರಿಗೆ ಹೊರಟ ರಾಯರು ಏರಿದ್ದು ಮಗಳ ಎಲೆಕ್ಟ್ರಿಕ್ ಸ್ಕೂಟರ್. ಅದರ ಮೋಟಾರಿಗೆ 2000 ಆರ್‌ಪಿಎಂವರೆಗೂ ಕಾಯುವ ಕೆಲಸವಿಲ್ಲ, ನಿಂತಲ್ಲಿಂದಲೇ ಟಾರ್ಕ್ ಕೈಗೆ ಸಿಗುತ್ತದೆ. ಗೇಟಿನ ಬಳಿ ಹ್ಯಾಂಡಲ್ ತಿರುಗಿಸಿದ್ದೇ ತಡ ಸ್ಕೂಟರು ಚಂಗನೆ ನೆಗೆಯಿತು. ರಾಯರು ಕಾಲೂರಿ ಸಾವರಿಸಿಕೊಂಡು, ನನ್ನ ಕಡೆ ತಿರುಗಿ, "ಇದ್ರ ಪಿಕಪ್ಪೂ ಪರವಾಗಿಲ್ಲ ಕಣ್ರೀ" ಅಂದರು.